ಎಳೆತ

ಹನ್ನೊಂದು ಗಂಟೆಗೆ ಇಸ್ತ್ರಿಯಮ್ಮ ಎಕ್ಸ್‌ರೇ ತೆಗೆಸಿಕೊಂಡು ಬರುವವಳಿದ್ದಳು. ಈಗ ಒಂಬತ್ತೂಕಾಲು. ಅವನು ಆಗಲೇ ನಾಲ್ಕು ಸಲ ಕೈ ತೊಳೆದುಕೊಂಡಿದ್ದ. ಆಸ್ಪತ್ರೆಯ ನೆಲಮಾಳಿಗೆಯ ಈ ಫಿಸಿಯೋಥೆರಪಿ ಕೋಣೆಯಲ್ಲಿ ಹದಿನಾಲ್ಕು ವರ್ಷ ಜನರ ಕೈಕಾಲು ಮಡಚಿ, ಚಾಚಿ, ಎಳೆದು, ಬಿಡಿಸಿ ಅನ್ನ ತಿಂದವನಿಗೆ ಈಚೆಗೆ ನಾಲ್ಕು ವಾರದಿಂದ ತನ್ನ ಕೈಗಳನ್ನೇ ಎಲ್ಲಿಡಬೇಕೆಂದು ತಿಳಿಯುತ್ತಿರಲಿಲ್ಲ. ಜೇಬಿನಲ್ಲಿಟ್ಟರೆ ಬೆವರುತ್ತಿದ್ದವು. ಮೇಜಿನ ಮೇಲಿಟ್ಟರೆ ಬೇರೆ ಯಾರದೋ ಅನ್ನಿಸುತ್ತಿದ್ದವು. ಬೆಳಿಗ್ಗೆ ಹೆಂಡತಿ ಕಾಫಿ ಲೋಟ ಮುಂದಿಡುತ್ತ, "ಏನ್ರೀ, ಮೂರು ದಿನದಿಂದ ನೋಡ್ತಿದ್ದೀನಿ, ಅಂಗೈನೇ ನೋಡ್ಕೊಂಡು ಕೂತಿರ್ತೀರಿ. ಕೈ ನೋಡಿ ಭವಿಷ್ಯ ಹೇಳೋ ಕೆಲ್ಸಕ್ಕೆ ಸೇರ್ತೀರಾ?" ಅಂದಿದ್ದಳು. ಅವನು ನಕ್ಕಿದ್ದ, ಆದರೆ ಒಂದು ಗಳಿಗೆ ತಡವಾಗಿ. ಆ ತಡವನ್ನು ಅವಳು ಗಮನಿಸಿದಳು, ಗಮನಿಸಿಯೂ ಕೇಳಲಿಲ್ಲ. ಕೇಳಿದ್ದರೆ ಹೇಳಿಬಿಡುತ್ತಿದ್ದನೋ ಏನೋ. ಇಲ್ಲ, ಹೇಳುತ್ತಿರಲಿಲ್ಲ.

ಮಂಚದ ಮೇಲೆ ಅಂಚೆಯವನು ಅಂಗಾತ ಮಲಗಿದ್ದ. ಸೈಕಲ್ಲಿನಿಂದ ಬಿದ್ದು ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು, ಬಿಚ್ಚಿದ ಮೇಲೆ ಹಿಮ್ಮಡಿ ನೆಲಕ್ಕೆ ತಾಗದೆ ಕುಂಟುವವನು. ಅವನ ಆ ಹಿಮ್ಮಡಿಯನ್ನು ಇವನು ತನ್ನ ಅಂಗೈಯಲ್ಲಿ ಹಿಡಿದು, ಪಾದವನ್ನು ಮುಂಗೈಯಿಂದ ಮೆಲ್ಲಗೆ ಮೇಲಕ್ಕೆ ಒತ್ತಿ ನಿಂತ. ಮೀನಖಂಡ ಮೊದಲು ಕಲ್ಲಿನ ಹಾಗೆ ಎದುರು ನಿಂತಿತು. ಅವನು ಇನ್ನಷ್ಟು ಒತ್ತಲಿಲ್ಲ, ಬಿಡಲೂ ಇಲ್ಲ. ಇದ್ದಲ್ಲೇ ಹಿಡಿದು ಮನಸ್ಸಿನಲ್ಲಿ ಎಣಿಸತೊಡಗಿದ. ಹತ್ತು ಎಣಿಸುವಷ್ಟರಲ್ಲಿ ಒಳಗಿನ ಬಿಗುವು ತಾನಾಗಿ ಇಳಿಯತೊಡಗಿತು. ಕೋಪ ಬಂದ ಮನುಷ್ಯ ಕೋಪದ ಕಾರಣ ಮರೆತಂತೆ. ಮೊದಲು ಬೇಗಬೇಗ, ಆಮೇಲೆ ಅಂಗುಲ ಅಂಗುಲಕ್ಕೂ ಚೌಕಾಸಿ ಮಾಡುತ್ತಾ. ಈ ಇಳಿತ ಹೊರಗಿನಿಂದ ನೋಡುವವರಿಗೆ ಕಾಣುವುದಿಲ್ಲ, ಯಂತ್ರಕ್ಕೆ ಕಾಣುತ್ತದೆ, ಹಿಡಿದ ಕೈಗೆ ಗೊತ್ತಾಗುತ್ತದೆ. ಕಾಲೇಜಿನಲ್ಲಿ ಕಪ್ಪೆಯ ಕಾಲಿನ ಒಂದು ಎಳೆ ಸ್ನಾಯುವನ್ನು ಕೊಕ್ಕೆಗೆ ನೇತುಹಾಕಿ, ಹೊಗೆ ಹಿಡಿಸಿದ ಕಾಗದದ ಉರುಳೆಯ ಮೇಲೆ ಮುಳ್ಳು ಗೆರೆ ಎಳೆಯುವುದನ್ನು ತೋರಿಸುತ್ತಾ ಪಾಠದ ಮೇಡಂ ಹೇಳುತ್ತಿದ್ದರು: "ಇದನ್ನ ರಬ್ಬರು ಅಂದ್ಕೋಬೇಡಿ. ಅರ್ಧ ರಬ್ಬರು, ಅರ್ಧ ಜೇನುತುಪ್ಪ. ಎಷ್ಟು ಎಳೆದೆ ಅಂತ ಮಾತ್ರ ಕೇಳಲ್ಲ ಇದು, ಎಷ್ಟು ಬೇಗ ಎಳೆದೆ ಅಂತಾನೂ ಕೇಳುತ್ತೆ." ಸರಕ್ಕನೆ ಎಳೆದರೆ ಗೆರೆ ಗೋಡೆಯ ಹಾಗೆ ಮೇಲೇಳುತ್ತಿತ್ತು. ಅದೇ ದೂರವನ್ನು ನಿಧಾನವಾಗಿ ಎಳೆದರೆ ದಿನ್ನೆಯ ಹಾಗೆ ಏರಿ, ಹಿಡಿದು ನಿಂತರೆ ತಗ್ಗುತ್ತಿತ್ತು. ಅವನು ಇಡೀ ಮಧ್ಯಾಹ್ನ ಆ ತಗ್ಗುವ ಗೆರೆಯನ್ನೇ ನೋಡುತ್ತ ಕೂತಿದ್ದ. ಉಳಿದವರು ಊಟಕ್ಕೆ ಹೋಗಿದ್ದರು.

"ಏನ್ ಸಾರ್, ಕಾಲು ಹಿಡ್ಕೊಂಡೇ ನಿದ್ದೆ ಹೋದ್ರಾ?" ಎಂದ ಅಂಚೆಯವನು. "ಇಷ್ಟು ಹೊತ್ತಿಗೆ ನಾನು ಎರಡು ಬೀದಿ ಕಾಗದ ಹಂಚಿ ಮುಗಿಸ್ತಿದ್ದೆ."

"ಅವಸರ ಬೇಡ," ಎಂದ ಅವನು. ಆ ಮಾತು ತನ್ನ ಬಾಯಿಂದ ಬಂದ ರೀತಿಗೆ ಅವನಿಗೇ ಮೈ ಜುಮ್ಮೆಂದಿತು. ನಾಲ್ಕು ವಾರದ ಹಿಂದೆ, ಅವತ್ತೂ ಇದೇ ಮಾತನ್ನು ಆಡಿದ್ದ. ಇದೇ ಮಂಚ. ಮಂಚದ ಆಚೆ ತರಬೇತಿಗೆ ಬಂದ ಇಬ್ಬರು ವಿದ್ಯಾರ್ಥಿನಿಯರು ಪುಸ್ತಕ ಎದೆಗವಚಿಕೊಂಡು ನಿಂತಿದ್ದರು. ಇಸ್ತ್ರಿಯಮ್ಮನ ಬಲಗೈ ಅವನ ಕೈಯಲ್ಲಿತ್ತು. ಸ್ಟೂಲಿನಿಂದ ಬಿದ್ದು ಮೊಣಕೈ ಕೀಲು ತಪ್ಪಿ, ಮೂಳೆ ಡಾಕ್ಟರು ಕೂರಿಸಿ, ಮೂರು ವಾರ ಪ್ಲಾಸ್ಟರಿನಲ್ಲಿ ಮಡಚಿಯೇ ಇದ್ದ ಕೈ. ಮಡಚಿ ಇಟ್ಟ ಸ್ನಾಯು ಆ ಮಡಚಿದ ಅಳತೆಯನ್ನೇ ತನ್ನ ಅಳತೆ ಅಂದುಕೊಂಡುಬಿಡುತ್ತದೆ, ನಾರುಗಳು ಗಿಡ್ಡವಾಗುತ್ತವೆ, ಸುತ್ತಲಿನ ಪೊರೆ ದಪ್ಪಗಾಗುತ್ತದೆ, ಅದಕ್ಕೆ ಮೊದಲು ಶಾಖ ಕೊಡಬೇಕು, ಆಮೇಲೆ ಕೇಳಿಕೊಳ್ಳಬೇಕು, ಬೇಡಿಕೊಳ್ಳಬೇಕು ಎಂದೆಲ್ಲ ಹುಡುಗಿಯರಿಗೆ ಹೇಳುತ್ತಿದ್ದ. ಚೆನ್ನಾಗಿ ಹೇಳುತ್ತಿದ್ದೇನೆ ಎಂಬ ಹಿಗ್ಗು ಒಳಗೆ ಸಣ್ಣಗೆ ಏಳುತ್ತಿತ್ತು. ಒಬ್ಬಳು ಬರೆದುಕೊಳ್ಳುತ್ತಲೂ ಇದ್ದಳು. ಆಗ ಬಾಗಿಲಲ್ಲಿ ಮೂಳೆ ಡಾಕ್ಟರು. "ಏನ್ರೀ, ಮೂರು ವಾರದಿಂದ ನಡೀತಿದೆ, ಇನ್ನೂ ಕೈ ಅರ್ಧಕ್ಕೆ ನಿಂತಿದೆಯಲ್ಲ? ಇಲ್ಲಿ ಚಿಕಿತ್ಸೆ ಮಾಡ್ತೀರೋ, ಬೆಕ್ಕಿನ ಮೈ ಸವರ್ತೀರೋ?" ಹುಡುಗಿಯರಲ್ಲಿ ಒಬ್ಬಳು, ಬರೆದುಕೊಳ್ಳುತ್ತಿದ್ದವಳೇ, ನಗು ತಡೆಯಲಾರದೆ ಪುಸ್ತಕದಿಂದ ಬಾಯಿ ಮುಚ್ಚಿಕೊಂಡಳು. ಮನೆಗೆ ಬಂದಾಗಲೆಲ್ಲ "ಏನು ಭಾವ, ಮಾಲಿಷ್ ಹೇಗೆ ನಡೀತಿದೆ?" ಎಂದು ಕೇಳುವ ಹೆಂಡತಿಯ ತಮ್ಮನ ನಗು, ಸಂಬಂಧಿಕರ ಮುಂದೆ ಅದಕ್ಕೆ ತಾನೂ ಸೇರಿಸಬೇಕಾಗುವ ನಗು, ಎಲ್ಲ ಒಟ್ಟಿಗೆ ಕಿವಿಯ ಹಿಂದೆ ಬಿಸಿಯಾಗಿ ಏರಿತು. ಎಳೆದ.

ಎಳೆದದ್ದು ಒಂದೇ ಸಲ. ಅರ್ಧ ಕ್ಷಣವೂ ಇಲ್ಲ. ಅಂಗೈಯಲ್ಲಿ, ಮೊಣಕೈಯ ಮಡಿಕೆಯ ಆಳದಲ್ಲೆಲ್ಲೋ, ಬಿಗಿಯಾದ ಅಂಗಿಯ ಹೊಲಿಗೆ ಒಳಗಿಂದ ಬಿಟ್ಟ ಹಾಗೆ ಏನೋ ಬಿಟ್ಟಿತು. ಸದ್ದು ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು, ನಾಲ್ಕು ಜನಕ್ಕೆ ಕೇಳಿಸುತ್ತಿತ್ತು, ಅವನೊಬ್ಬನ ಪಾಲಿಗೆ ಉಳಿಯುತ್ತಿರಲಿಲ್ಲ. ಕೇಳಿಸಿದ್ದು ಇಸ್ತ್ರಿಯಮ್ಮನ ಕೂಗು ಮಾತ್ರ, ಅದಕ್ಕೆ ಆ ಕೋಣೆಯಲ್ಲಿ ಯಾರೂ ಬೆಚ್ಚುವವರಲ್ಲ. ಮತ್ತು ಕೈ ನೇರವಾಗಿತ್ತು! ಪೂರ್ತಿ ಅಲ್ಲ, ಆದರೂ ಅಲ್ಲಿಯವರೆಗೆ ಬಾರದಷ್ಟು. ಮೂಳೆ ಡಾಕ್ಟರು ಬಂದು ಅವನ ಬೆನ್ನು ತಟ್ಟಿದರು. "ನೋಡಿದ್ರಾ? ಮನಸ್ಸು ಮಾಡಿದ್ರೆ ಆಗುತ್ತೆ." ಆ ತಟ್ಟಿದ್ದು ಹಿತವಾಗಿತ್ತು. ನಾಲ್ಕು ವಾರದಿಂದ ಅವನನ್ನು ಕೊರೆಯುತ್ತಿದ್ದುದು ಹರಿದದ್ದಕ್ಕಿಂತ ಹೆಚ್ಚಾಗಿ ಆ ಹಿತವೇ. ಸಂಜೆ ಫೈಲಿನಲ್ಲಿ ಬರೆದ: ಇಂದು ಹದಿನೈದು ಡಿಗ್ರಿ ಹೆಚ್ಚು ಚಾಚಲು ಸಾಧ್ಯವಾಯಿತು. ತೊಂದರೆ ಏನೂ ಇಲ್ಲ.

ಮರುದಿನ ಮೊಣಕೈ ಊದಿಕೊಂಡು ಬಂತು. ಅವನು ಐಸ್ ಇಟ್ಟ. ಅದರ ಮರುವಾರ ಮುಟ್ಟಿದರೆ ಬಿಸಿ. ಎರಡು ವಾರಕ್ಕೆ ಕೈ ಮೊದಲಿಗಿಂತ ಹೆಚ್ಚು ಮಡಚಿಕೊಂಡು, ಮಡಿಕೆಯಲ್ಲಿ ಒಂದು ಗಡ್ಡೆ ಕೈಗೆ ಸಿಗತೊಡಗಿತು. ಅದೇನೆಂದು ಅವನಿಗೆ ಗೊತ್ತಿತ್ತು, ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದ. "ಸ್ವಲ್ಪ ದಿನ ಎಳೆಯೋದು ಬೇಡಮ್ಮ, ಸುಮ್ನೆ ಬಿಡೋಣ" ಎಂದು ಮಾತ್ರ ಹೇಳಿದ್ದ. "ನೀವು ಹೇಗೆ ಹೇಳ್ತೀರೋ ಹಾಗೆ ಡಾಕ್ಟ್ರೇ" ಎಂದಿದ್ದಳು ಅವಳು.

ಹನ್ನೊಂದಕ್ಕೆ ಹತ್ತು ನಿಮಿಷ ಇರುವಾಗಲೇ ಬಂದಳು. ಎಡಗೈಯಲ್ಲಿ ಎಕ್ಸ್‌ರೇ ಕವರು, ಬಲಗೈ ಹೊಟ್ಟೆಗೆ ಅಂಟಿಕೊಂಡಂತೆ. ಐವತ್ತರ ಹೆಂಗಸು, ಬಟ್ಟೆ ಮಾತ್ರ ಯಾವಾಗಲೂ ಒಂದು ಸುಕ್ಕಿಲ್ಲದ್ದು, ಆದರೆ ಇವತ್ತು ಅದಕ್ಕೂ ಸುಕ್ಕು ಬಿದ್ದಿತ್ತು. ಅವನ ಕಣ್ಣು ಅಲ್ಲಿಗೇ ಹೋದದ್ದನ್ನು ಕಂಡು ನಕ್ಕಳು. "ನಮ್ಮೆಜಮಾನ್ರು ಮಾಡಿದ್ದು ಡಾಕ್ಟ್ರೇ. ಅಂಗಡೀನೂ ಈಗ ಅವರದ್ದೇ. ಪ್ಯಾಂಟಿಗೆ ಎರಡೆರಡು ಗೆರೆ ಬರಿಸ್ತಾರೆ, ಗಿರಾಕಿಗಳು ರೈಲು ಹಳಿ ಹಾಕ್ಕೊಟ್ರು ಅಂತ ಬೈತಾರೆ. ನಾಲ್ಕು ಮನೆ ಬಟ್ಟೆ ಆಗ್ಲೇ ಬೇರೆ ಅಂಗಡಿಗೆ ಹೋಯ್ತು." ಅವನು ಕವರಿಗೆ ಕೈ ಚಾಚಿದ. ಅವಳು ಕೊಡಲಿಲ್ಲ. ಕೂತು, ತನ್ನ ತೊಡೆಯ ಮೇಲೆ ಇಟ್ಟುಕೊಂಡು, ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು.

"ನಿಮ್ಮ ಹತ್ರ ಒಂದು ವಿಷ್ಯ ಮುಚ್ಚಿಟ್ಟಿದ್ದೀನಿ."

ಅವನು ಗಾಬರಿಯಾಗಿ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಎಂದರೆ ಇದೇ ಎಂದು ಆ ಗಾಬರಿಯಲ್ಲೂ ಅನ್ನಿಸಿತು.

"ನೀವು ಭಾರ ಎತ್ತಬೇಡಿ ಅಂದಿದ್ರಲ್ಲ. ನಾನು ಒಂದಿನ ಇಸ್ತ್ರಿ ಪೆಟ್ಟಿಗೆ ಎತ್ತಿಬಿಟ್ಟೆ. ಇವರು ಒಂದು ಸೀರೆ ಸುಡ್ತಾ ಇದ್ರು, ನೋಡೋಕಾಗದೆ ಹೋಗಿ ಎತ್ತಿದೆ. ಅವತ್ತಿಂದಲೇ ಹೀಗಾಗಿರೋದು. ನೀವು ಅಷ್ಟು ಕಷ್ಟಪಟ್ಟು ಸರಿ ಮಾಡಿದ್ರಿ, ನಾನು ಹಾಳು ಮಾಡ್ಕೊಂಡೆ."

"ಯಾವತ್ತು ಎತ್ತಿದ್ರಿ?"

"ಹೋದ ವಾರ."

ಹೋದ ವಾರ. ಗಡ್ಡೆ ಅಷ್ಟು ಹೊತ್ತಿಗೆ ಒಂದು ವಾರ ಹಳೆಯದು. ಅದನ್ನು ಹೇಳಲು ಬಾಯಿ ತೆರೆದ. ಆದರೆ ಅವಳು ನಿಲ್ಲಿಸಲಿಲ್ಲ, ಒಳಗೆ ಕಟ್ಟಿಕೊಂಡದ್ದು ಹರಿಯತೊಡಗಿತ್ತು. "ಮಾಡಿದ್ದುಣ್ಣೋ ಮಹರಾಯ ಅಂತಾರಲ್ಲ ಡಾಕ್ಟ್ರೇ, ಹಾಗೆ. ಹಿಂದೆ ಒಂದು ಸಲ ಒಬ್ಬನ ಬಿಳಿ ಅಂಗಿ ಸುಟ್ಟಿದ್ದೆ. ಕೆಲಸಕ್ಕೆ ಸಂದರ್ಶನ ಅಂತ ಅವಸರದಲ್ಲಿ ಕೊಟ್ಟಿದ್ದ. ಸುಟ್ಟಿದ್ದನ್ನ ಒಳಗಡೆ ಮಾಡಿ ಮಡಚಿ, ಕಾಗದದಲ್ಲಿ ಸುತ್ತಿ ಕೊಟ್ಟುಬಿಟ್ಟೆ. ಮನೆಗೆ ಹೋಗಿ ಬಿಚ್ಚಿದಾಗ ಅವನ ಮುಖ ಹೇಗಾಗಿರಬೇಕು! ಬಂದು ಬೈದಿದ್ರೂ ಆಗ್ತಿತ್ತು. ಬರಲೇ ಇಲ್ಲ. ಅದಕ್ಕೇ ಈಗ ಇದೇ ಕೈಗೆ ಬಂತು." ಅವನು ಆ ಮಡಚಿದ ಅಂಗಿಯನ್ನು ಮನಸ್ಸಿನಲ್ಲೇ ನೋಡಿದ. ನಾಲ್ಕೂ ಮೂಲೆ ಸರಿಯಾಗಿ ಕೂತ, ಬೆಚ್ಚಗಿನ, ಬಿಳಿಯ ಅಂಗಿ. ತನ್ನ ಫೈಲಿನ ಅಕ್ಷರಗಳೂ ಹಾಗೇ ದುಂಡಗೆ, ಒಂದು ಕಾಟಿಲ್ಲದೆ ಇದ್ದವು. ಈ ಹೆಂಗಸು ಎಂದೋ ಮಾಡಿದ ಸಣ್ಣ ತಪ್ಪನ್ನು ಹುಡುಕಿ ತಂದು ತನ್ನ ತಪ್ಪಿನ ಮೇಲೆ ಹೊದಿಸುತ್ತಿದ್ದಾಳೆ. ತಾನು ಸುಮ್ಮನಿದ್ದರೆ ಸಾಕು. ಏನೂ ಮಾಡಬೇಕಿಲ್ಲ, ಸುಳ್ಳು ಕೂಡ ಹೇಳಬೇಕಿಲ್ಲ. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು. "ಹಾಗೆಲ್ಲ ಇಲ್ಲಮ್ಮ," ಎಂದ. ಅಷ್ಟೇ. ಅಷ್ಟು ಹೇಳಿದ್ದಕ್ಕೇ ಅವಳು ಕಣ್ಣು ಒರೆಸಿಕೊಂಡು ಕೃತಜ್ಞತೆಯಿಂದ ನೋಡಿದಳು. ಅವನು ಆ ನೋಟ ತಪ್ಪಿಸಿ ಬಾಗಿಲ ಕಡೆ ನಡೆದ.

ಮೂಳೆ ಡಾಕ್ಟರ ಕೋಣೆ ಎರಡನೆಯ ಮಹಡಿಯಲ್ಲಿ. ಲಿಫ್ಟಿನಲ್ಲಿ ಇಬ್ಬರೇ ನಿಂತರು. ಅವಳು ಗುಂಡಿ ಒತ್ತಲು ಬಲಗೈ ಎತ್ತಲು ಹೋಗಿ, ಆಗದೆ, ಮೈಯನ್ನೇ ಅರ್ಧ ಸುತ್ತು ತಿರುಗಿಸಿ ಎಡಗೈಯಲ್ಲಿ ಒತ್ತಿದಳು. ಅಷ್ಟು ಸಣ್ಣ ಕೆಲಸಕ್ಕೆ ಅಷ್ಟು ದೊಡ್ಡ ತಿರುಗುವಿಕೆ. ಅವನು ಒತ್ತಬಹುದಿತ್ತು, ಹೊಳೆಯಲೇ ಇಲ್ಲ. ಮೇಲೆ ಹೋಗುವಷ್ಟರಲ್ಲಿ ಮೂರು ಸಲ ಹೇಳಲು ಹೊರಟ. ಒಂದನೆಯ ಮಹಡಿಯಲ್ಲಿ ಯಾರೋ ಹತ್ತಿಕೊಂಡರು. ಆ ಹತ್ತಿದವರ ಮೇಲೆ ಅವನಿಗೆ ಎಲ್ಲಿಲ್ಲದ ಪ್ರೀತಿ ಬಂತು.

ಡಾಕ್ಟರು ಎಕ್ಸ್‌ರೇಯನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿದರು. ಮೂಳೆಗಳ ಮುಂದೆ, ಮಾಂಸ ಮಾತ್ರ ಇರಬೇಕಾದ ಕಪ್ಪಿನಲ್ಲಿ, ಗಾಜಿನ ಮೇಲೆ ಉಸಿರು ಬಿಟ್ಟ ಹಾಗೆ ಒಂದು ಬಿಳಿ ಮಬ್ಬು. ನಾಲ್ಕು ವಾರ ಕಣ್ಣು ಮುಚ್ಚಿದಾಗಲೆಲ್ಲ ಅವನು ಕಂಡಿದ್ದು ಅದನ್ನೇ, ಆದರೆ ಇಷ್ಟು ದೊಡ್ಡದಾಗಿ ಕಂಡಿರಲಿಲ್ಲ. ಡಾಕ್ಟರು ಆ ಮಬ್ಬನ್ನು ನೋಡಿದರು, ಆಮೇಲೆ ಅವನನ್ನು ನೋಡಿದರು. ಎರಡನೆಯ ನೋಟ ಕೊಂಚ ಹೆಚ್ಚು ಹೊತ್ತು ನಿಂತಿತು. ಅವರಿಗೆ ಗೊತ್ತಾಯಿತು ಎಂದು ಅವನಿಗೆ ಗೊತ್ತಾಯಿತು.

"ಏನಮ್ಮ, ಮನೇಲಿ ಏನಾದ್ರೂ ಭಾರ ಎತ್ತಿದ್ಯಾ?" ಎಂದರು, ಕಣ್ಣು ಅವನ ಮೇಲೆಯೇ ಇಟ್ಟು.

"ಎತ್ತಿದೆ ಸಾರ್. ಈಗ ತಾನೇ ಡಾಕ್ಟ್ರಿಗೂ ಹೇಳ್ದೆ."

"ಅವರು ಡಾಕ್ಟ್ರಲ್ಲಮ್ಮ, ವ್ಯಾಯಾಮ ಮಾಡಿಸೋರು." ಪೆನ್ನು ತೆಗೆದರು. "ಅದೇ ಕಾರಣ ನೋಡು. ಗಾಯದ ಸ್ನಾಯು ಒಳಗೇ ಹರಿದು ರಕ್ತ ಕಟ್ಟಿ, ಅಲ್ಲಿ ಮೂಳೆ ಬೆಳೀತಿದೆ. ಹೇಳಿದ ಮಾತು ಕೇಳದಿದ್ರೆ ಹೀಗೇ. ಆರು ತಿಂಗಳು, ವರ್ಷ ಕಾಯ್ಬೇಕು. ಆಮೇಲೆ ಆಪರೇಷನ್ ಬೇಕಾಗ್ಬಹುದು, ಬೇಡದೇನೂ ಇರ್ಬಹುದು."

"ಮಾಂಸದಲ್ಲಿ ಮೂಳೆ ಬೆಳೆಯುತ್ತಾ?" ಅವಳು ತನ್ನ ಕೈಯನ್ನೇ ನೋಡಿಕೊಂಡಳು, ಅದು ಬೇರೆ ಯಾರದೋ ಮಗುವೆಂಬಂತೆ. "ವರ್ಷ ಅಂದ್ರೆ... ಅಂಗಡಿ ಉಳಿಯಲ್ಲ ಸಾರ್."

ಪೆನ್ನು ಕಾಗದದ ಮೇಲೆ ಓಡತೊಡಗಿತು. ಅವನು ನಿಂತ ಕಡೆಯಿಂದ ಅಕ್ಷರಗಳು ತಲೆಕೆಳಗಾಗಿ ಕಾಣುತ್ತಿದ್ದವು: ರೋಗಿಯು ಸಲಹೆ ಮೀರಿ ಮನೆಯಲ್ಲಿ. ಸಲಹೆ ಮೀರಿ. ಅವನ ಕುತ್ತಿಗೆಯ ಎರಡೂ ಪಕ್ಕದ ಸ್ನಾಯುಗಳು ಹಗ್ಗದ ಹಾಗೆ ಬಿಗಿದುಕೊಂಡವು. ಹಿಡಿದು ನಿಂತರೆ ಎಲ್ಲ ಬಿಗುವೂ ಇಳಿಯುತ್ತದೆ ಎಂದು ಇಷ್ಟು ವರ್ಷ ಜನಕ್ಕೆ ಹೇಳಿದ್ದ. ನಾಲ್ಕು ವಾರ ಹಿಡಿದು ನಿಂತಿದ್ದಾನೆ, ಇಳಿದಿಲ್ಲ, ಏರಿದೆ. ಹೇಳು. ನಾಳೆ ಹೇಳು. ಇವರೆದುರು ಬೇಡ, ಕೆಳಗೆ ಹೋಗಿ ಅವಳೊಬ್ಬಳಿಗೇ ಹೇಳು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಪೆನ್ನು ಸಾಲಿನ ಕೊನೆಗೆ ಬಂತು.

"ಅವರು ಎತ್ತಿದ್ದಕ್ಕೆ ಆಗಿದ್ದಲ್ಲ ಇದು," ಎಂದ.

ದನಿ ಅಂದುಕೊಂಡದ್ದಕ್ಕಿಂತ ಜೋರಾಗಿತ್ತು, ಒಡಕಾಗಿತ್ತು. ಪೆನ್ನು ನಿಂತಿತು.

"ನಾನು ಎಳೆದಿದ್ದಕ್ಕೆ ಆಗಿದ್ದು. ನಾಲ್ಕು ವಾರದ ಹಿಂದೆ. ಸರಕ್ಕನೆ ಎಳೆದೆ. ಹಾಗೆ ಎಳೀಬಾರದು. ಹರಿದದ್ದು ನನ್ನ ಕೈಗೇ ಗೊತ್ತಾಯ್ತು. ಫೈಲಲ್ಲಿ ಬರೀಲಿಲ್ಲ."

"ಅಮ್ಮಾ, ನೀನು ಸ್ವಲ್ಪ ಆಚೆ ಕೂತಿರು," ಎಂದರು ಡಾಕ್ಟರು.

ಅವಳು ಏಳಲಿಲ್ಲ. ಡಾಕ್ಟರು ಅವಳಿದ್ದಾಳೆಂಬುದನ್ನೇ ಬಿಟ್ಟು ಅವನ ಕಡೆ ಬಾಗಿದರು. "ತಲೆ ಕೆಟ್ಟಿದೆಯೇನ್ರೀ? ಕೀಲು ತಪ್ಪಿದ ಮೊಣಕೈಗೆ ಇದು ಯಾರೂ ಮುಟ್ಟದಿದ್ರೂ ಬರುತ್ತೆ. ನಿಮ್ಮ ಎಳೆತದಿಂದಲೇ ಬಂತು ಅಂತ ಯಾವ ದೇವ್ರು ಹೇಳ್ದ? ಸುಮ್ನೆ ಸತ್ಯಸಂಧ ಆಗೋಕೆ ಹೋಗಿ ಕೆಲ್ಸ ಕಳ್ಕೋಬೇಡಿ." ಅದೂ ನಿಜವೇ. ಮುಟ್ಟದಿದ್ದರೂ ಬರಬಹುದು. ಆ 'ಬಹುದು' ಎಂಬ ಮಾತಿನ ಮೇಲೆ ಅವನೂ ಎಷ್ಟೋ ರಾತ್ರಿ ತಲೆಯಿಟ್ಟು ಮಲಗಲು ನೋಡಿದ್ದ.

"ನೀವೇ ಅವತ್ತು ಬಾಗಿಲಲ್ಲಿ ನಿಂತು..." ಎಂದು ಶುರು ಮಾಡಿದ. ಡಾಕ್ಟರ ಮುಖ ಗಟ್ಟಿಯಾಯಿತು. ಹೌದು, ಅವರು ಹೇಳಿದ್ದರು. ಆದರೆ ಎಳೆದದ್ದು ಯಾರ ಕೈ? ಅವನು ಮಾತನ್ನು ಅಲ್ಲಿಗೇ ಬಿಟ್ಟ.

ಆಗ ಇಸ್ತ್ರಿಯಮ್ಮ ಮಾತಾಡಿದಳು. ಅವಳ ದನಿಯಲ್ಲಿ ಅಳುವಿರಲಿಲ್ಲ, ಜಗಳವೂ ಇರಲಿಲ್ಲ. ಅಂಗಡಿಯಲ್ಲಿ ಬಟ್ಟೆ ಎಣಿಸಿಕೊಳ್ಳುವಾಗಿನ ದನಿ.

"ಅವತ್ತು ನಾನು 'ಬೇಡ' ಅಂದಿದ್ದೆ. ನೀವು ಎಳೆಯೋಕೆ ಮುಂಚೆ. ಕೇಳಿಸಿತ್ತಾ?"

ನಾಲ್ಕು ವಾರದಲ್ಲಿ ಆ ದಿನವನ್ನು ನೂರು ಸಲ ನೆನೆದಿದ್ದ. ಡಾಕ್ಟರ ಮಾತು, ಹುಡುಗಿಯ ನಗು, ಅಂಗೈಯಲ್ಲಿ ಹೊಲಿಗೆ ಬಿಟ್ಟದ್ದು, ಬೆನ್ನು ತಟ್ಟಿದ್ದು. ಇದೊಂದನ್ನು ಮಾತ್ರ ಪ್ರತಿ ಸಲವೂ ಹಾರಿಸಿಕೊಂಡು ಬಂದಿದ್ದ. ಅವನ ಬೆರಳು ಬಿಗಿಯಾದದ್ದು ಅವಳಿಗೆ ಮೊದಲೇ ಗೊತ್ತಾಗಿತ್ತು. "ಬೇಡ ಡಾಕ್ಟ್ರೇ" ಅಂದಿದ್ದಳು, ಮೆಲ್ಲಗೆ, ಬೇರೆಯವರೆದುರು ಅವನ ಮರ್ಯಾದೆ ಹೋಗಬಾರದೆಂಬಂತೆ.

"ಕೇಳಿಸಿತ್ತು," ಎಂದ.

ಅವಳು ತಲೆಯಾಡಿಸಿದಳು. ಎದ್ದು, ಬೆಳಕಿನ ಪೆಟ್ಟಿಗೆಯಿಂದ ತನ್ನ ಎಕ್ಸ್‌ರೇಯನ್ನು ತಾನೇ ಎಡಗೈಯಿಂದ ಕಿತ್ತುಕೊಂಡು ಕವರಿಗೆ ಹಾಕಲು ನೋಡಿದಳು. ಒಂದು ಕೈಯಲ್ಲಿ ಆಗಲಿಲ್ಲ. ಅವನು ಮುಂದೆ ಬಂದ. "ಬೇಡ" ಎಂದಳು. ಈ ಸಲ ಮೆಲ್ಲಗೆ ಅಲ್ಲ. ಎಕ್ಸ್‌ರೇಯನ್ನು ಹಾಗೇ ಎದೆಗೆ ಒತ್ತಿಕೊಂಡು ಹೊರಟುಹೋದಳು.

ಆ ಮಧ್ಯಾಹ್ನವೇ ಅವನು ಫೈಲಿನಲ್ಲಿ ಹಳೆಯ ಸಾಲಿಗೆ ಕಾಟು ಹಾಕಿ, ಪಕ್ಕದಲ್ಲಿ ನಡೆದದ್ದನ್ನು ನಡೆದ ಹಾಗೆ ಬರೆದು, ತಾರೀಕು ಹಾಕಿ ಸಹಿ ಮಾಡಿದ. ರೋಗಿ ಬೇಡವೆಂದಿದ್ದರು ಎಂಬುದನ್ನೂ ಬರೆದ. ಮರುದಿನ ವಿವರಣೆ ಕೇಳಿ ಆಡಳಿತ ಕಚೇರಿಯಿಂದ ನೋಟಿಸು ಬಂತು. ಮೂಳೆ ಡಾಕ್ಟರು ಕಾರಿಡಾರಿನಲ್ಲಿ ಎದುರಾದಾಗ ಗೋಡೆಯನ್ನು ನೋಡುವ ಹಾಗೆ ಅವನನ್ನು ನೋಡಿ ಹೋದರು. ಮನೆಯಲ್ಲಿ ಹೆಂಡತಿಗೆ ಎಲ್ಲ ಹೇಳಿದ. ಅವಳು, "ಆ ಹೆಂಗಸಿಗೆ ಈಗ ಚಿಕಿತ್ಸೆ ಯಾರು ಮಾಡ್ತಾರ್ರೀ?" ಎಂದಳು. ಕೆಲಸ ಹೋದರೆ ಏನು ಗತಿ ಎಂದು ಕೇಳುತ್ತಾಳೆ ಅಂದುಕೊಂಡಿದ್ದ. ಹೇಳಿಕೊಂಡರೆ ಹಗುರಾಗುತ್ತದೆ ಎಂದು ಯಾರು ಹೇಳಿದ್ದರೋ. ಹಗುರಾಗಲಿಲ್ಲ. ಭುಜ ಬದಲಾಯಿಸಿದ ಹಾಗಾಯಿತು, ಅಷ್ಟೇ.

ಮೂರನೆಯ ದಿನ ಬೆಳಿಗ್ಗೆ ಹತ್ತರ ಹೊತ್ತಿಗೆ ಅವಳು ಬಾಗಿಲಲ್ಲಿ ನಿಂತಿದ್ದಳು. ಒಳಗೆ ಬರಲಿಲ್ಲ, ಹೊಸ್ತಿಲಲ್ಲೇ ನಿಂತು ಕೋಣೆಯನ್ನೆಲ್ಲ ಮೊದಲ ಸಲ ನೋಡುವವಳಂತೆ ನೋಡಿದಳು.

"ಬೇರೆ ಆಸ್ಪತ್ರೆಗೆ ಹೋಗಿ ಕೇಳ್ದೆ," ಎಂದಳು. "ಎರಡು ಬಸ್ಸು ಬದಲಾಯಿಸ್ಬೇಕು. ಅಲ್ಲೂ ಇದನ್ನೇ ಅಂದ್ರು. ಯಾರೂ ಎಳೀಬಾರದು, ನೋವಿಲ್ಲದಷ್ಟು ನಾನೇ ಆಡಿಸ್ಬೇಕು ಅಂತ. ಹೇಗೆ ಅಂತ ಕೇಳಿದ್ರೆ ಒಂದು ಚೀಟಿ ಕೊಟ್ರು. ಚೀಟೀಲಿ ಬೊಂಬೆ ಇದೆ. ಬೊಂಬೇನ ಏನು ಕೇಳೋದು?"

ಅವನು ಕುರ್ಚಿ ಎಳೆದು ಹಾಕಿದ. ಅವಳು ಆ ಕುರ್ಚಿಯಲ್ಲಿ ಕೂರದೆ ಗೋಡೆಯ ಪಕ್ಕದ ಇನ್ನೊಂದರಲ್ಲಿ ಕೂತಳು. "ಒಂದು ಮಾತು. ನೀವು ಮುಟ್ಟಬಾರದು. ಬಾಯಲ್ಲಿ ಹೇಳಿ, ಮಾಡ್ತೀನಿ. ಸರಿಯಾದ್ರೆ ಸರಿ, ಇಲ್ದಿದ್ರೆ ಇಲ್ಲ."

"ಆಯ್ತಮ್ಮ."

"ಅಮ್ಮ ಗಿಮ್ಮ ಎಲ್ಲ ಬೇಡ ಈಗ. ಹೇಳಿ."

ಅವನು ನಾಲ್ಕು ಅಡಿ ದೂರ ನಿಂತ. ಮೊಣಕೈಯ ಕೆಳಗೆ ಮಡಚಿದ ಟವಲು ಇಟ್ಟುಕೊಳ್ಳಲು ಹೇಳಿದ. ಅವಳು ಎಡಗೈಯಿಂದ, ಹಲ್ಲಿನಿಂದ ಟವಲನ್ನು ಮಡಚಿದಳು. ಎರಡು ನಿಮಿಷ ಹಿಡಿಯಿತು. ಅವನ ಕೈಗಳು ತಾವಾಗಿ ಮುಂದೆ ಬಂದವು, ಹಿಂದಕ್ಕೆ ಕಟ್ಟಿಕೊಂಡ. ಉಸಿರು ಬಿಡುತ್ತಾ ಕೈಯನ್ನು ತಾನೇ ಚಾಚಬೇಕು, ನೋವು ಶುರುವಾಗುವ ಮುಂಚೆ ನಿಲ್ಲಬೇಕು, ಒತ್ತಬಾರದು ಎಂದ. ಅವಳು ಚಾಚಿದಳು. ಒಂದು ಬೆರಳಗಲ. ತುಟಿ ಬಿಗಿಯಾಯಿತು.

"ಅಷ್ಟೇ ಸಾಕು. ನೋವಿದ್ರೆ ಹಿಂದಕ್ಕೆ ಬನ್ನಿ."

"ನೋವಿಲ್ಲ. ಹೆದರಿಕೆ."

ನೀರಿನ ತೊಟ್ಟಿಯಲ್ಲಿ ಶಾಖದ ಚೀಲಗಳು ಗುಳುಗುಳು ಅನ್ನುತ್ತಿದ್ದವು. ಅವನು ಆ ತೋಳಿನ ಮೇಲೆ ಕಣ್ಣಿಟ್ಟು ನಿಂತ. ಹಿಡಿದ ಕೈಗೆ ಮಾತ್ರ ಗೊತ್ತಾಗುವ ಇಳಿತ, ಕಣ್ಣಿಗೆ ಏನೂ ತಿಳಿಯದು. ಒಳಗೆ ಏನು ನಡೆದಿದೆಯೋ, ನಡೆದಿದೆಯೋ ಇಲ್ಲವೋ, ಈಗ ಅವಳೊಬ್ಬಳಿಗೇ ಗೊತ್ತು.

"ಎಷ್ಟು ಹೊತ್ತು ಹೀಗೆ?"

"ಅದು ಬಿಗಿ ಬಿಡೋವರೆಗೂ."

"ಬಿಡದಿದ್ರೆ?"

"ಬಿಡದೇನೂ ಹೋಗ್ಬಹುದು," ಎಂದ ಅವನು.

ಅವಳು ಮೊದಲ ಸಲ ತಲೆಯೆತ್ತಿ ಅವನ ಮುಖ ನೋಡಿದಳು. ಬಟ್ಟೆ ಕೊಟ್ಟು ಅಂಗಡಿಯ ಮುಂದೆ ಕಾಯುವ ಗಿರಾಕಿಯನ್ನು ನೋಡುವ ಹಾಗೆ, ಕನಿಕರವೂ ಇಲ್ಲದೆ, ಕೋಪವೂ ಇಲ್ಲದೆ.

"ಹಾಗಾದ್ರೆ ನೀವೂ ನಿಂತಿರಿ," ಎಂದಳು. ತನ್ನ ಕೈಯ ಕಡೆ ತಿರುಗಿದಳು. ಅವನು ನಿಂತ.